ಜ್ವರದ ಹೆಸರು ಮತ್ತು ರೋಗದ ನಿರ್ಣಯ: ಅಘನಾಶಿನೀ ತೀರದ ನಿದರ್ಶನದಿಂದ ಒಂದು ವಿಮರ್ಶೆ

ರೋಗವೊಂದಕ್ಕೆ ಹೆಸರು ದೊರೆತೊಡನೆ ಅದರ ವಿಚಾರವೂ ಮುಗಿಯಿತೆಂದು ಭಾವಿಸುವುದು ವೈದ್ಯಶಾಸ್ತ್ರದಲ್ಲಿಯೂ ಇತಿಹಾಸ ಲೇಖನದಲ್ಲಿಯೂ ಸಮಾನವಾಗಿ ಕಂಡುಬರುವ ದೋಷ. ಉತ್ತರ ಕನ್ನಡ ಜಿಲ್ಲೆಯ ಮಲೇರಿಯಾವನ್ನು ಕುರಿತ ಬರವಣಿಗೆಯನ್ನು ಪರಿಶೀಲಿಸುವವರಿಗೆ ಈ ದೋಷ ಮತ್ತೆ ಮತ್ತೆ ಎದುರಾಗುತ್ತದೆ. ಒಂದು ಊರಿನಲ್ಲಿ ರೋಗವೆಷ್ಟಿದೆ ಎಂಬುದು ಒಂದು ಪ್ರಶ್ನೆ. ಎದುರಿಗಿರುವ ರೋಗಿಗೆ ಯಾವ ರೋಗವಾಗಿದೆ ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದನ್ನು ಅಳೆಯಲು ಹುಟ್ಟಿದ ಮಾನದಂಡದಿಂದ ಎರಡನೆಯದಕ್ಕೆ ಉತ್ತರ ಹೇಳಹೊರಟಾಗ ಚಿಕಿತ್ಸೆಯೂ ಕೆಡುತ್ತದೆ, ಚರಿತ್ರೆಯೂ ಕೆಡುತ್ತದೆ. ಈ ಮಾತನ್ನು ಜಿಲ್ಲೆಯ ಕೆಲವು ಮುಖ್ಯ ದಾಖಲೆಗಳ ಆಧಾರದಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ವಿವೇಚನೆಗೆ ಅಘನಾಶಿನೀ ನದಿಯ ತೀರವನ್ನು ನಾವು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಶಿರಸಿಯ ಸಮೀಪದಲ್ಲಿ ಹುಟ್ಟುವ ಈ ನದಿ ಸಿದ್ಧಾಪುರ ತಾಲೂಕಿನ ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲೂಕಿನಲ್ಲಿ ವಿಶಾಲವಾದ ಅಳಿವೆಯಾಗಿ ಹರಡಿ, ತದಡಿಯ ಬಳಿ ಕಡಲನ್ನು ಸೇರುತ್ತದೆ. ಮೇಲೆ ಅಡಕೆಯ ತೋಟಗಳು, ಕಾಡಿನ ತೊರೆಗಳು. ಕೆಳಗೆ ಸಾಣಿಕಟ್ಟೆಯ ಉಪ್ಪಿನ ಆಗರಗಳು, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ತದಡಿಯ ಮೀನುಗಾರಿಕೆಯ ಬಂದರು. ಒಂದೇ ನದಿಯ ಉದ್ದಕ್ಕೂ ನೆಲ, ನೀರು, ಕಸುಬು ಹೀಗೆ ಬದಲಾಗುತ್ತಿರುವಾಗ, ‘ಚಳಿಜ್ವರ’ವೆಂಬ ಒಂದೇ ಮಾತು ಮೂಲದಿಂದ ಮುಖದವರೆಗೆ ಎಲ್ಲ ಕಡೆಗೂ ಸಲ್ಲುತ್ತ ಬಂದಿದೆ. ಆ ಮಾತಿನ ಒಳಗೆ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ನೋಡಲು ಇದಕ್ಕಿಂತ ಅನುಕೂಲವಾದ ಪ್ರದೇಶ ದೊರೆಯಲಾರದು.

ಮೊದಲು ಪರಿಭಾಷೆಯ ವಿಷಯ. ಆಯುರ್ವೇದದಲ್ಲಿ ಬಿಟ್ಟುಬಿಟ್ಟು ಬರುವ ಜ್ವರಗಳಿಗೆ ‘ವಿಷಮಜ್ವರ’ವೆಂಬ ಹೆಸರುಂಟು, ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಎಂದು ಅದರಲ್ಲಿ ಐದು ಭೇದಗಳು. ಇವುಗಳಲ್ಲಿ ತೃತೀಯಕ, ಚತುರ್ಥಕಗಳ ಲಕ್ಷಣಗಳು 48 ಮತ್ತು 72 ಗಂಟೆಗಳ ಅಂತರದಲ್ಲಿ ಮರುಕಳಿಸುವ ಮಲೇರಿಯಾಕ್ಕೆ ಬಹುಮಟ್ಟಿಗೆ ಹೊಂದುತ್ತವೆ. ಆದರೆ ಇಂದಿನ ಕನ್ನಡದಲ್ಲಿ ‘ವಿಷಮಶೀತಜ್ವರ’ವೆಂದರೆ ಟೈಫಾಯಿಡ್. ಒಂದು ಮಲೇರಿಯಾ, ಇನ್ನೊಂದು ಕರುಳಿನ ಮೂಲಕ ಬರುವ ಸೋಂಕು. ಹೆಸರುಗಳ ನಡುವೆ ಇರುವುದು ಒಂದು ಪದದ ಅಂತರ ಮಾತ್ರ. ‘ಗುಲ್ಮ’ದ ಗತಿಯೂ ಇದೇ. ಹಳೆಯ ಶಾಸ್ತ್ರದಲ್ಲಿ ಗುಲ್ಮವೆಂದರೆ ಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು. ರಕ್ತಕ್ಕೆ ಸಂಬಂಧಿಸಿದ ಅವಯವಕ್ಕೆ ಅಲ್ಲಿ ಹೆಸರು ‘ಪ್ಲೀಹ’. ಆಧುನಿಕ ಕನ್ನಡ ಪಠ್ಯಗಳು ಗುಲ್ಮವನ್ನು ಆ ಅವಯವಕ್ಕೇ ಹೆಸರಾಗಿಸಿದವು. ಹೀಗೆ ಒಂದು ರೋಗಲಕ್ಷಣದ ಹೆಸರು ಆರೋಗ್ಯವಂತನಲ್ಲಿಯೂ ಇರುವ ಅಂಗದ ಹೆಸರಾಯಿತು. ‘ಮಲೇರಿಯಾ’ ಎಂಬ ಪದವೇ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ ಎಂಬ ಅರ್ಥದ್ದು. ಕಾರಣದ ವಿಷಯದಲ್ಲಿ ತಪ್ಪಾದ ಹೆಸರನ್ನು ಇಡಿಯ ಜಗತ್ತು ಇಂದಿಗೂ ಬಳಸುತ್ತಿದೆ. ಪದಗಳನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಪದವು ನಿರ್ಣಯದ ಸ್ಥಾನವನ್ನು ಆಕ್ರಮಿಸಬಾರದೆಂಬುದಷ್ಟೇ ನಮ್ಮ ಆಕ್ಷೇಪ.

ಜಿಲ್ಲೆಯ ಲಿಖಿತ ದಾಖಲೆಗಳಲ್ಲಿ 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಝೆಟಿಯರಿನ ಹದಿನೈದನೆಯ ಸಂಪುಟ ಗಮನಾರ್ಹವಾದುದು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಈ ಸಂಪುಟ ಜಿಲ್ಲೆಯ ಹವೆ, ನೀರು, ಆರೋಗ್ಯಗಳನ್ನು ಪ್ರದೇಶಾನುಸಾರ ವಿವರಿಸುತ್ತದೆ. ಜ್ವರದ ಬಾಧೆ ಘಟ್ಟದ ಮೇಲೆ ಹೆಚ್ಚು, ಕರಾವಳಿಯಲ್ಲಿ ಕಡಿಮೆ ಎಂಬ ಭೇದವನ್ನು ಅಂದಿನ ಅಧಿಕಾರಿಗಳು ಚೆನ್ನಾಗಿ ಬಲ್ಲರು. ಆಲ್ಜೀರಿಯದಲ್ಲಿ ಲಾವೆರಾನನು ರೋಗಿಯ ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದು 1880ರಲ್ಲಿ. ಆ ಶೋಧಕ್ಕೆ ವೈದ್ಯಲೋಕದ ಮನ್ನಣೆ ಪೂರ್ಣವಾಗಿ ದೊರೆಯುವ ಮೊದಲೇ ಈ ಸಂಪುಟ ಅಚ್ಚಾಯಿತು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸನು ಸೊಳ್ಳೆಯ ಜಠರದಲ್ಲಿ ಪರೋಪಜೀವಿಯನ್ನು ಕಂಡದ್ದು ಇನ್ನೂ ಹದಿನಾಲ್ಕು ವರ್ಷಗಳ ಅನಂತರ, 1897ರ ಆಗಸ್ಟ್ 20ರಂದು. ಆದುದರಿಂದ ಗೆಝೆಟಿಯರಿನಲ್ಲಿ ಕಾರಣವನ್ನು ಹುಡುಕುವುದು ಅನ್ಯಾಯವಾದೀತು. ಅದರ ಬೆಲೆ ಇರುವುದು ಭೂಗೋಳದಲ್ಲಿ. ಮುಂದೆ ಕೀಟಶಾಸ್ತ್ರಜ್ಞರು ಜಿಲ್ಲೆಯ ಮಲೆನಾಡಿನ ಮುಖ್ಯ ರೋಗವಾಹಕವೆಂದು ಗುರುತಿಸಿದ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ನಿಧಾನವಾಗಿ ಹರಿಯುವ ತಿಳಿನೀರಿನ ತೊರೆಗಳ ಅಂಚಿನಲ್ಲಿ ಮೊಟ್ಟೆಯಿಡುತ್ತದೆ; ಅಳಿವೆಯ ಉಪ್ಪುನೀರು ಅದಕ್ಕೆ ಒಗ್ಗುವುದಿಲ್ಲ. ಘಟ್ಟಕ್ಕೂ ಕರಾವಳಿಗೂ ಇದ್ದ ಭೇದವು ಈ ತಿಳಿವಿನಿಂದ ಅರ್ಥವಾಗುತ್ತದೆ.

ಆದರೆ ಸ್ಥಳಾನುಸಾರ ವಿವರಣೆಗೆ ಒಂದು ಮಿತಿಯುಂಟು: ಜ್ವರ ಕಾಣಿಸಿಕೊಂಡ ಸ್ಥಳವೂ ಜ್ವರ ಅಂಟಿದ ಸ್ಥಳವೂ ಒಂದೇ ಎಂದು ಅದು ಊಹಿಸುತ್ತದೆ. ಕರಾವಳಿಯ ಕೂಲಿಗಾರರು ಅಡಕೆಯ ಕೆಲಸಕ್ಕಾಗಿ ಘಟ್ಟವೇರುವುದು ಈ ಸೀಮೆಯ ಹಳೆಯ ವಾಡಿಕೆ. ಅಲ್ಲಿ ಸೊಳ್ಳೆ ಕಚ್ಚಿದವನಿಗೆ ಹತ್ತು ಹದಿನೈದು ದಿನಗಳ ಮೇಲೆ ಜ್ವರ ಬರುವಷ್ಟರಲ್ಲಿ ಅವನು ತನ್ನ ಊರಿಗೆ ಮರಳಿರಬಹುದು. ಪುಸ್ತಕದಲ್ಲಿ ಆ ಜ್ವರ ಕಡಲ ತೀರದ ಲೆಕ್ಕಕ್ಕೆ ಸೇರುತ್ತದೆ. ತದಡಿಯಂತಹ ಬಂದರಿನ ವಿಷಯದಲ್ಲಿ ಈ ಎಚ್ಚರಿಕೆ ಎಷ್ಟು ಅಗತ್ಯವೆಂಬುದನ್ನು ಮುಂದೆ ನೋಡಬಹುದು.

ಎರಡನೆಯ ಮಾನದಂಡ ಪ್ಲೀಹದ ಪರೀಕ್ಷೆ. ಉತ್ತರ ಹಿಂದುಸ್ಥಾನದ ಕಾಲುವೆಗಳ ನೀರಾವರಿಯಿಂದ ಜ್ವರ ಹೆಚ್ಚುತ್ತಿದೆಯೇ ಎಂಬ ಪ್ರಶ್ನೆಯನ್ನು ಪರಿಶೀಲಿಸುತ್ತಿದ್ದ ಡೆಂಪ್‌ಸ್ಟರ್ ಎಂಬ ವೈದ್ಯನು 1840ರ ದಶಕದಲ್ಲಿ ಹಳ್ಳಿಗಳ ಜನರ ಹೊಟ್ಟೆಯನ್ನು ಮುಟ್ಟಿ ನೋಡಿ, ಪ್ಲೀಹ ದೊಡ್ಡದಾಗಿರುವವರ ಪ್ರಮಾಣವನ್ನು ಎಣಿಸಿದನು. ಕೈಯೊಂದರ ಹೊರತು ಮತ್ತಾವ ಉಪಕರಣವೂ ಬೇಡದ ಈ ಉಪಾಯ ನೂರು ವರ್ಷಕ್ಕೂ ಮೀರಿ ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ಕಂಪಾಲಾ ನಗರದಲ್ಲಿ ನಡೆಸಿದ ಸಮ್ಮೇಳನವು, ಎರಡರಿಂದ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಪ್ಲೀಹ ಬೆಳೆದವರ ಪ್ರಮಾಣ ನೂರಕ್ಕೆ ಹತ್ತರೊಳಗೆ, ಹತ್ತರಿಂದ ಐವತ್ತು, ಐವತ್ತಕ್ಕೆ ಮೇಲೆ ಎಂಬ ಮೆಟ್ಟಿಲುಗಳಿಂದ ಊರುಗಳನ್ನು ವಿಂಗಡಿಸಿತು. ಮಕ್ಕಳನ್ನೇ ಆರಿಸಿಕೊಂಡುದರಲ್ಲಿ ಅರ್ಥವಿದೆ. ರೋಗ ಸದಾ ನೆಲೆಸಿರುವ ಊರಿನಲ್ಲಿ ವಯಸ್ಕರಿಗೆ ಒಂದಿಷ್ಟು ನಿರೋಧಶಕ್ತಿ ಬಂದು ಪ್ಲೀಹ ಮತ್ತೆ ಕುಗ್ಗುತ್ತದೆ. ಮಕ್ಕಳ ಹೊಟ್ಟೆಯಲ್ಲಿ ಮಾತ್ರ ಊರಿನ ರೋಗ ಮರೆಯಿಲ್ಲದೆ ಕಾಣುತ್ತದೆ.

ಊರನ್ನು ಅಳೆಯುವುದಕ್ಕೆ ಇದು ಉತ್ತಮವಾದ ಅಳತೆ. ರೋಗಿಯನ್ನು ತಿಳಿಯುವುದಕ್ಕೆ ಅಪಾಯಕರವಾದ ಅಳತೆ. ಇದಕ್ಕೆ ಕಾಲಾ ಅಜಾರಿನ ಚರಿತ್ರೆಗಿಂತ ದೊಡ್ಡ ಪ್ರಮಾಣ ಬೇಕಾಗಿಲ್ಲ. ದೀರ್ಘಜ್ವರ, ರಕ್ತಹೀನತೆ, ಬೆಳೆದ ಪ್ಲೀಹ—ಈ ಮೂರೂ ಆ ರೋಗದಲ್ಲಿಯೂ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಸ್ಸಾಮಿನ ಹಳ್ಳಿಗಳು ಅದರಿಂದ ಬರಿದಾಗುತ್ತಿದ್ದಾಗ ಲಿಯೊನಾರ್ಡ್ ರಾಜರ್ಸನು ಅದನ್ನು ಮಲೇರಿಯಾದ ಉಗ್ರರೂಪವೆಂದು ತೀರ್ಮಾನಿಸಿದನು. ಸೊಳ್ಳೆಯ ರಹಸ್ಯವನ್ನು ಬಿಡಿಸಿದ ರಾಸನೂ ಅದೇ ಅಭಿಪ್ರಾಯಕ್ಕೆ ಬಂದನು. ಕ್ವಿನೈನ್ ಕೊಟ್ಟರೂ ಫಲವಿಲ್ಲದಿದ್ದಾಗ ಔಷಧಿಯನ್ನು ಸಂಶಯಿಸಿದರೇ ವಿನಾ ಹೆಸರನ್ನು ಸಂಶಯಿಸಲಿಲ್ಲ. 1903ರಲ್ಲಿ ಲೀಶ್ಮನ್ ಮತ್ತು ಮದರಾಸಿನ ಡೊನೊವನ್ ಪ್ಲೀಹದೊಳಗಿನ ಬೇರೆಯೇ ಒಂದು ಪರೋಪಜೀವಿಯನ್ನು ಪ್ರತ್ಯೇಕವಾಗಿ ವರ್ಣಿಸಿದ ಮೇಲೆ, ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ ಲೀಶ್ಮೇನಿಯಾ ಡೊನೊವನೈ ಎಂದು ನಾಮಕರಣ ಮಾಡಿದವನು ರಾಸನೇ. ಇಲ್ಲಿ ಗಮನಿಸತಕ್ಕುದು ಇಷ್ಟು: ಹೊಟ್ಟೆಯನ್ನು ಹೊರಗಿನಿಂದ ಮುಟ್ಟಿದವರಿಗೆ ಒಂದೇ ಆಗಿ ತೋರಿದ ರೋಗ, ಪ್ಲೀಹದ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಎರಡಾಯಿತು. ಆ ಬಳಿಕವೇ ಔಷಧಿಯ ಅನ್ವೇಷಣೆಯೂ ದಾರಿಗೆ ಬಂದಿತು. ಕಲಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು ಆಂಟಿಮನಿಯಿಂದ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು 1920ರ ಸುಮಾರಿಗೆ ಸಿದ್ಧಪಡಿಸಿ ಅಸಂಖ್ಯ ಪ್ರಾಣಗಳನ್ನು ಉಳಿಸಿದರು. ಹೆಸರು ಮಲೇರಿಯಾವೆಂದೇ ಉಳಿದಿದ್ದರೆ ಆಂಟಿಮನಿಯನ್ನು ಪ್ರಯೋಗಿಸುವ ಯೋಚನೆಗೆ ಎಡೆಯೇ ಇರುತ್ತಿರಲಿಲ್ಲ.

ಇನ್ನು ಉತ್ತರ ಕನ್ನಡದ ಹೆಸರನ್ನು ಜಗತ್ತಿನ ಮಲೇರಿಯಾ ಸಾಹಿತ್ಯದಲ್ಲಿ ನಿಲ್ಲಿಸಿದ ಕಾರ್ಯಕ್ಕೆ ಬರೋಣ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾನಡಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಗಳ ಒಳಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದ ಯೋಜನೆಯ ವಾರ್ಷಿಕ ಫಲಿತಾಂಶಗಳನ್ನು 1947ರಿಂದ ಮೊದಲ್ಗೊಂಡು ಇಂಡಿಯನ್ ಜರ್ನಲ್ ಆಫ್ ಮಲೇರಿಯಾಲಜಿಯಲ್ಲಿ ಪ್ರಕಟಿಸಿದರು. ಭಾರತದ ಗ್ರಾಮಾಂತರದಲ್ಲಿ ಇಷ್ಟು ವಿಸ್ತಾರವಾಗಿ ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಇದು ಒಂದು. ತತ್ತ್ವ ಸರಳವಾದುದು: ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ವಿಶ್ರಮಿಸುತ್ತದೆ, ಗೋಡೆಯಲ್ಲಿ ಉಳಿದ ಮದ್ದು ತಗುಲಿ, ಪರೋಪಜೀವಿ ಅದರೊಳಗೆ ಪಕ್ವವಾಗುವ ಮೊದಲೇ ಸಾಯುತ್ತದೆ. ಈ ವರದಿಗಳ ಮೇಲ್ಮೆಯೆಂದರೆ, ಅವು ಒಂದೇ ಅಳತೆಯನ್ನು ನಂಬಿ ಕೂಡಲಿಲ್ಲ. ಮಕ್ಕಳ ಪ್ಲೀಹ, ರಕ್ತದಲ್ಲಿ ಪರೋಪಜೀವಿ, ಮನೆಗಳಲ್ಲಿ ಸೊಳ್ಳೆಯ ಸಂಖ್ಯೆ—ಇವುಗಳನ್ನು ಜೊತೆಜೊತೆಯಾಗಿ ನೋಡಿದವು. ಯೋಜನೆ ಕೇಳಿದ ಪ್ರಶ್ನೆ ಊರಿನದು; ಅಳತೆಗಳೂ ಊರಿನವೇ. ಆದುದರಿಂದ ಆ ವರದಿಗಳ ತೀರ್ಮಾನ ಇಂದಿಗೂ ಗಟ್ಟಿಯಾಗಿ ನಿಲ್ಲುತ್ತದೆ.

ಆಕ್ಷೇಪಕ್ಕೆ ಎಡೆಯಾಗುವುದು ವರದಿಗಳ ಮುಂದಿನ ಘಟ್ಟದಲ್ಲಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1958ರಲ್ಲಿ ‘ನಿಯಂತ್ರಣ’ದ ಬದಲು ‘ನಿರ್ಮೂಲನ’ವೆಂಬ ಪದ ಬಂದಿತು. ಅದೇ ವರ್ಷ ವಿಶ್ವನಾಥನ್ ಅವರು ಭಾರತದಲ್ಲಿ ಮಲೇರಿಯಾದ ಮೇಲೆ ಸಾಧಿಸಿದ ಜಯವೆಂಬ ಅರ್ಥದ ಶೀರ್ಷಿಕೆಯುಳ್ಳ ಗ್ರಂಥವನ್ನು ಪ್ರಕಟಿಸಿದರು. ಸ್ವಾತಂತ್ರ್ಯದ ವೇಳೆಗೆ ವರ್ಷಕ್ಕೆ ಏಳೂವರೆ ಕೋಟಿ ರೋಗಿಗಳು, ಎಂಟು ಲಕ್ಷ ಮರಣಗಳು ಎಂದು ಅಂದಾಜು ಮಾಡಲಾಗಿದ್ದ ದೇಶದಲ್ಲಿ 1960ರ ದಶಕದ ಆದಿಯಲ್ಲಿ ದಾಖಲಾದ ರೋಗಿಗಳು ಒಂದು ಲಕ್ಷಕ್ಕಿಂತ ಕಡಿಮೆ. ಜಯವೆಂಬ ಮಾತಿಗೆ ಆಧಾರವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ 1976ರಲ್ಲಿ ಆ ಸಂಖ್ಯೆ ಅರುವತ್ತನಾಲ್ಕು ಲಕ್ಷವನ್ನು ದಾಟಿತು. ಮದ್ದಿಗೆ ಒಗ್ಗಿಕೊಂಡ ಸೊಳ್ಳೆ, ಸರಬರಾಜಿನ ಕೊರತೆ, ತಗ್ಗಿದ ಹಣ ಮೊದಲಾದ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಇವುಗಳೊಡನೆ ಇನ್ನೊಂದನ್ನೂ ಸೇರಿಸತಕ್ಕುದು. ರೋಗ ವಿರಳವಾದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಸಾವಿರ ಮಕ್ಕಳಲ್ಲಿ ಐನೂರರ ಪ್ಲೀಹ ಬೆಳೆದಿರುವ ಊರಿಗೆ ಸರಾಸರಿಯ ಲೆಕ್ಕ ಸಾಕು. ವರ್ಷಕ್ಕೆ ಇಬ್ಬರೇ ರೋಗಿಗಳಿರುವ ಊರಿನಲ್ಲಿ ಆ ಇಬ್ಬರನ್ನು ಒಬ್ಬೊಬ್ಬರಾಗಿ ಹುಡುಕಬೇಕು. ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ ರಕ್ತಲೇಪ ತೆಗೆಯುವ ವ್ಯವಸ್ಥೆ ಇದಕ್ಕಾಗಿಯೇ ಏರ್ಪಟ್ಟಿತು. ಆದರೆ ಅನೇಕ ಕಡೆ ಗಾಜಿನ ಫಲಕಗಳು ಪರೀಕ್ಷೆಯಾಗದೆ ರಾಶಿಬಿದ್ದವು. ಫಲಿತಾಂಶ ಬರುವ ಮುನ್ನವೇ ಜ್ವರವಿದ್ದವರಿಗೆಲ್ಲ ಕ್ಲೋರೋಕ್ವಿನ್ ಗುಳಿಗೆ ಕೊಡುವ ಪದ್ಧತಿ ಇದ್ದುದರಿಂದ, ಪರೀಕ್ಷೆ ತಡವಾದರೆ ನಷ್ಟವೇನೆಂಬ ಭಾವನೆಗೂ ಅವಕಾಶವಾಯಿತು.

ಸೊಳ್ಳೆಯ ವಿಷಯದಲ್ಲಿಯೂ ಒಂದು ಹೆಸರಿನ ಒಳಗೆ ಹಲವು ಜೀವಿಗಳು ಅಡಗಿದ್ದುದು ತಡವಾಗಿ ತಿಳಿದುಬಂದಿತು. ಫ್ಲುವಿಯಾಟಿಲಿಸ್ ಎಂದು ಕರೆದ ಕೀಟವು ರೂಪದಲ್ಲಿ ಬೇರ್ಪಡಿಸಲಾಗದ ಸೋದರಜಾತಿಗಳ ಸಮೂಹವೆಂದು 1990ರ ದಶಕದಲ್ಲಿ ವರ್ಣತಂತುಗಳ ಪರಿಶೀಲನೆ ತೋರಿಸಿತು. ಅವುಗಳಲ್ಲಿ ಎಸ್ ಎಂದು ಗುರುತಿಸಿದ ಜಾತಿ ಮನುಷ್ಯರನ್ನು ಕಚ್ಚಿ ರೋಗವನ್ನು ಬಲವಾಗಿ ಹರಡುತ್ತದೆ. ಟಿ ಮತ್ತು ಯು ಜಾತಿಗಳು ಮುಖ್ಯವಾಗಿ ದನಕರುಗಳ ರಕ್ತವನ್ನು ಹೀರುತ್ತವೆ. ಆದುದರಿಂದ ತೊರೆಯಲ್ಲಿ ಫ್ಲುವಿಯಾಟಿಲಿಸ್ ದೊರೆಯಿತೆಂಬ ಮಾತ್ರದಿಂದ ಆ ಊರಿಗೆ ಅಪಾಯವುಂಟೆಂದು ಹೇಳಲು ಬರುವುದಿಲ್ಲ.

ಹಾಗಾದರೆ ರೋಗಿಯ ನಿರ್ಣಯಕ್ಕೆ ಆಧಾರವಾವುದು? ಒಂದು ತೊಟ್ಟು ರಕ್ತ. ದಪ್ಪಲೇಪದಲ್ಲಿ ಹೆಚ್ಚು ರಕ್ತ ಕಣ್ಣಿಗೆ ಬೀಳುವುದರಿಂದ ಪರೋಪಜೀವಿ ಇದೆಯೇ ಎಂಬುದು ತಿಳಿಯುತ್ತದೆ. ತೆಳುಲೇಪದಲ್ಲಿ ಅದು ವೈವಾಕ್ಸೋ ಫಾಲ್ಸಿಪಾರಮೋ ಎಂಬುದು ತಿಳಿಯುತ್ತದೆ. ಜಸ್ವಂತ ಸಿಂಗ್ ಮತ್ತು ಭಟ್ಟಾಚಾರ್ಜಿ ಅವರು 1944ರಲ್ಲಿ ರೂಪಿಸಿದ ಅಗ್ಗದ ವರ್ಣದ್ರವ ಭಾರತದ ಹಳ್ಳಿಗಳಿಗೆ ಈ ಪರೀಕ್ಷೆಯನ್ನು ಒಯ್ದಿತು. ಈ ಆಧಾರವೂ ವಿಮರ್ಶೆಗೆ ಹೊರತಲ್ಲ. ಫಾಲ್ಸಿಪಾರಮಿನ ಬಲಿತ ರೂಪಗಳು ಒಳ ಅವಯವಗಳ ಸಣ್ಣ ರಕ್ತನಾಳಗಳಲ್ಲಿ ಅಂಟಿಕೊಳ್ಳುವುದರಿಂದ, ಬೆರಳಿನ ರಕ್ತದಲ್ಲಿ ಕೆಲವು ಗಂಟೆಗಳ ಕಾಲ ಅವು ಬಹಳ ವಿರಳವಾಗಿ ಕಾಣಬಹುದು. ಸಂಶಯ ಬಲವಾಗಿದ್ದರೆ ಪರೀಕ್ಷೆಯನ್ನು ಪುನಃ ಮಾಡಬೇಕು. ಕಾಲು ಗಂಟೆಯಲ್ಲಿ ಉತ್ತರ ಕೊಡುವ ಇಂದಿನ ಪಟ್ಟಿಪರೀಕ್ಷೆ ಸೂಕ್ಷ್ಮದರ್ಶಕವಿಲ್ಲದ ಊರಿಗೆ ವರವೇ ಸರಿ. ಆದರೆ ಅದು ಗುರುತಿಸುವ ಪ್ರೋಟೀನುಗಳಲ್ಲಿ ಎಚ್.ಆರ್.ಪಿ.2 ಎಂಬುದು ರೋಗ ಗುಣವಾದ ಮೇಲೆಯೂ ವಾರಗಳ ಕಾಲ ರಕ್ತದಲ್ಲಿ ಉಳಿಯುತ್ತದೆ. ಕಾಲಾ ಅಜಾರಿಗೆ ಬಳಸುವ ಆರ್.ಕೆ.39 ಪಟ್ಟಿಯ ಮಿತಿಯೂ ಇಂತಹದೇ; ಅದು ಗುರುತಿಸುವ ಪ್ರತಿಕಾಯಗಳು ಚಿಕಿತ್ಸೆಯ ಬಳಿಕವೂ ಬಹುಕಾಲ ಇರುತ್ತವೆ. ಹಿಂದಿನ ರೋಗವನ್ನು ಇಂದಿನ ರೋಗವೆಂದು ಓದದಿರಲು ರೋಗಿಯ ವೃತ್ತಾಂತವನ್ನು ಕೇಳಲೇಬೇಕು. ಶಂಕಿತ ರೋಗಿಗಳೆಲ್ಲರನ್ನೂ ಮೊದಲು ಪರೀಕ್ಷಿಸಿ ಆ ಬಳಿಕ ಚಿಕಿತ್ಸೆ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಸೂಚಿಸಿತು.

ಈ ವಿಚಾರಗಳನ್ನು ತದಡಿಗೆ ಅನ್ವಯಿಸಿ ನೋಡಿದರೆ ಅವುಗಳ ತೂಕ ತಿಳಿಯುತ್ತದೆ. ಕರ್ನಾಟಕದಲ್ಲಿ ಮಲೇರಿಯಾ ಈಗ ಬಹಳ ಇಳಿದಿದೆ. ಮಳೆಗಾಲದಲ್ಲಿ ಚಳಿ, ಜ್ವರ, ಮೈಕೈ ನೋವುಗಳಿಂದ ಬರುವ ಕರಾವಳಿಯ ರೋಗಿಗೆ ಡೆಂಗಿ ಆಗಿರಬಹುದು. ಗದ್ದೆಯ ಕೆಸರಿನಲ್ಲಿ ದುಡಿದವನಾದರೆ ಇಲಿಜ್ವರವಾಗಿರಬಹುದು. ಘಟ್ಟದ ಕಾಡಿನ ಸಂಪರ್ಕವಿದ್ದವನಾದರೆ, ವಿಶೇಷವಾಗಿ ಬೇಸಗೆಯಲ್ಲಿ, ಮಂಗನ ಕಾಯಿಲೆಯನ್ನೂ ನೆನೆಯಬೇಕು. ಉಣ್ಣೆಯಿಂದ ಹರಡುವ ಆ ವೈರಸ್ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಸಿದ್ಧಾಪುರ, ಹೊನ್ನಾವರ ತಾಲೂಕುಗಳಲ್ಲಿಯೂ ಅದು ಕಾಣಿಸಿಕೊಂಡಿದೆ. ಘಟ್ಟದ ಜ್ವರವೆಲ್ಲ ಮಲೇರಿಯಾವೆಂಬ ಹಳೆಯ ಎಣಿಕೆ ಈ ರೋಗಿಗೆ ಏನೂ ಉಪಕಾರ ಮಾಡದು. ಇಲಿಜ್ವರಕ್ಕೆ ಆರಂಭದಲ್ಲಿಯೇ ತಕ್ಕ ಪ್ರತಿಜೈವಿಕ ಬೇಕು; ಮಲೇರಿಯಾದ ಗುಳಿಗೆಯಲ್ಲಿ ಕಳೆದ ನಾಲ್ಕು ದಿನಗಳು ಮೂತ್ರಪಿಂಡವನ್ನೂ ಪ್ರಾಣವನ್ನೂ ಕಳೆಯಬಹುದು.

ಇದರ ವಿಪರೀತವೂ ಅಷ್ಟೇ ಅಪಾಯಕರ. ಇಲ್ಲಿ ಮಲೇರಿಯಾ ಇಲ್ಲವೆಂದು ಪರೀಕ್ಷೆಯನ್ನೇ ಬಿಟ್ಟರೆ, ಬಂದರಿನ ರೋಗಿ ಕೈತಪ್ಪುತ್ತಾನೆ. ಮಂಗಳೂರಿನಲ್ಲಿ 1990ರ ದಶಕದಿಂದ ಕಟ್ಟಡಗಳ ನಿರ್ಮಾಣ ಹೆಚ್ಚಿದಂತೆ, ತೊಟ್ಟಿಬಾವಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯಿಂದ ಮಲೇರಿಯಾ, ಬಹುಪಾಲು ವೈವಾಕ್ಸ್ ಜಾತಿಯದು, ಬಹುಕಾಲ ನೆಲೆಸಿತು. ದೋಣಿಯ ಕಸುಬಿನವರು ಒಂದು ಬಂದರಿನಿಂದ ಮತ್ತೊಂದಕ್ಕೆ ಹೋಗಿ ಬರುವವರು. ಕರಾವಳಿಯ ಬಂದರುಗಳಲ್ಲಿ ಒಡಿಶಾ, ಝಾರಖಂಡಗಳ ಕಾರ್ಮಿಕರೂ ದುಡಿಯುತ್ತಾರೆ. ವೈವಾಕ್ಸ್ ಪರೋಪಜೀವಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿ ಮತ್ತೆ ಏಳಬಲ್ಲುದು. ಆದುದರಿಂದ ಇಂದು ತದಡಿಯಲ್ಲಿ ಬಂದ ಜ್ವರ ಹೋದ ವರ್ಷ ಬೇರೊಂದು ಬಂದರಿನ ಸೊಳ್ಳೆ ಕೊಟ್ಟುದಾಗಿರಬಹುದು. ಗೆಝೆಟಿಯರಿನ ಕಾಲದ ಘಟ್ಟದ ಕೂಲಿಗಾರನ ಪ್ರಶ್ನೆಯೇ ಇಲ್ಲಿ ಕಡಲಿನವನ ಪ್ರಶ್ನೆಯಾಗಿ ಮರಳಿದೆ. ಹೊರಗಿನವರು ರೋಗ ತಂದರೆಂದು ದೂಷಿಸುವುದರಿಂದ ಪ್ರಯೋಜನವಿಲ್ಲ. ಅಂತಹ ಮಾತು ಕೇಳಿದವನು ಜ್ವರ ಬಂದಾಗ ಪರೀಕ್ಷೆಗೆ ಬರುವ ಬದಲು ಮರೆಯಾಗುತ್ತಾನೆ.

ಚಿಕಿತ್ಸೆಯ ಯಶಸ್ಸೂ ಈ ವೃತ್ತಾಂತವನ್ನು ಅವಲಂಬಿಸಿದೆ. ವೈವಾಕ್ಸಿಗೆ ಮೂರು ದಿನ ಕ್ಲೋರೋಕ್ವಿನ್ ಕೊಟ್ಟರೆ ಜ್ವರ ಬಿಡುತ್ತದೆ. ಯಕೃತ್ತಿನಲ್ಲಿ ಉಳಿದುದನ್ನು ನೀಗಲು ಹದಿನಾಲ್ಕು ದಿನ ಪ್ರೈಮಾಕ್ವಿನ್ ಬೇಕು. ಗರ್ಭಿಣಿಯರಿಗೂ ಎಳೆಯ ಶಿಶುಗಳಿಗೂ ಅದನ್ನು ಕೊಡುವಂತಿಲ್ಲ, ಜಿ.6.ಪಿ.ಡಿ. ಎಂಬ ಕಿಣ್ವದ ಕೊರತೆಯಿದ್ದವರಲ್ಲಿ ರಕ್ತಕಣಗಳು ಒಡೆಯುವ ಭಯವುಂಟು. ಫಾಲ್ಸಿಪಾರಮಿಗೆ ಆರ್ಟೆಮಿಸಿನಿನ್ ಜಾತಿಯ ಔಷಧಿಯನ್ನು ಇನ್ನೊಂದರೊಡನೆ ಕೂಡಿಸಿ ಕೊಡುತ್ತಾರೆ. ರೋಗ ಉಲ್ಬಣಿಸಿದ್ದರೆ ಆರ್ಟೆಸುನೇಟ್ ಚುಚ್ಚುಮದ್ದು ಬೇಕು. ಜಾತಿ ತಿಳಿಯದೆ ಇವುಗಳಲ್ಲಿ ಯಾವುದನ್ನೂ ಸರಿಯಾಗಿ ಕೊಡಲು ಸಾಧ್ಯವಿಲ್ಲ. ಇನ್ನು, ನಾಲ್ಕನೆಯ ದಿನ ಜ್ವರವಿಳಿದು ದೋಣಿ ಹತ್ತಿದ ಮೀನುಗಾರನಿಗೆ ಉಳಿದ ಹತ್ತು ದಿನಗಳ ಗುಳಿಗೆಗಳನ್ನು ಯಾರು ನೆನಪಿಸುವರು? ರಕ್ತದ ಪರೀಕ್ಷೆಯ ಫಲಿತಾಂಶದೊಡನೆ ದೋಣಿ ಹೊರಡುವ ದಿನವನ್ನೂ ಬರೆದುಕೊಳ್ಳದ ಚಿಕಿತ್ಸೆ ಕಾಗದದ ಮೇಲೆ ಮಾತ್ರ ಪೂರ್ಣವಾಗುತ್ತದೆ. ದೋಣಿಯಲ್ಲಿ ಜೊತೆಗಿರುವ ಒಬ್ಬನಿಗೆ ಗುಳಿಗೆಯ ಲೆಕ್ಕವನ್ನು ಒಪ್ಪಿಸುವಷ್ಟು ಸಣ್ಣ ಏರ್ಪಾಡಿನಿಂದಲೂ ಇಲ್ಲಿ ಉಪಕಾರವಾದೀತು.

ಮೇಲಿನ ವಿವೇಚನೆಯಿಂದ ಹೊರಡುವ ಸೂಚನೆಗಳು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಬಂಧಿಸಿದವು. ಜಿಲ್ಲೆಯ ಹಳೆಯ ಜ್ವರಗಳ ಮೇಲೆ ಪ್ರಬಂಧ ಬರೆಯುವವರು, ದಾಖಲೆಯಲ್ಲಿ ಮಲೇರಿಯಾ ಎಂದಿರುವಲ್ಲಿ ಅದನ್ನು ಯಾವ ಸಾಧನದಿಂದ ತಿಳಿದುಕೊಂಡರು ಎಂದು ಮೊದಲು ಕೇಳಬೇಕು: ಊರಿನ ಕೀರ್ತಿಯಿಂದಲೋ, ಹೊಟ್ಟೆ ಮುಟ್ಟಿಯೋ, ರಕ್ತ ನೋಡಿಯೋ. ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪರೋಪಜೀವಿಯ ಜೀವನಚಕ್ರದ ಚಿತ್ರವನ್ನು ಬರೆಯಿಸುವಾಗ, ಆ ಚಕ್ರದ ಯಾವ ಘಟ್ಟ ಯಾವ ಪರೀಕ್ಷೆಗೆ ಗೋಚರ, ಯಾವುದು ಅಗೋಚರ ಎಂಬುದನ್ನೂ ಗುರುತಿಸುವುದು ಒಳಿತು. ಕನ್ನಡದಲ್ಲಿ ಆರೋಗ್ಯಗ್ರಂಥ ಬರೆಯುವವರು ವಿಷಮಜ್ವರ, ವಿಷಮಶೀತಜ್ವರ, ಗುಲ್ಮ, ಪ್ಲೀಹಗಳನ್ನು ಬಳಸಿದೆಡೆ ಅರ್ಥವನ್ನು ಒಂದು ವಾಕ್ಯದಲ್ಲಿ ಸ್ಪಷ್ಟಪಡಿಸಲಿ. ವಿಶ್ವನಾಥನ್ ಮತ್ತು ರಾಮಚಂದ್ರ ರಾವ್ ಅವರ ವರದಿಗಳನ್ನು ನಮ್ಮ ಕಾಲೇಜುಗಳಲ್ಲಿ ಡಿ.ಡಿ.ಟಿ.ಯ ಸ್ತುತಿಗಾಗಿ ನೆನೆಯುವುದಕ್ಕಿಂತ, ಪ್ರಶ್ನೆಗೆ ತಕ್ಕ ಅಳತೆಯನ್ನು ಆರಿಸಿಕೊಂಡ ಮಾದರಿಯಾಗಿ ಓದಿಸುವುದು ಹೆಚ್ಚು ಫಲದಾಯಕ. ತದಡಿಯಿಂದ ಶಿರಸಿಯವರೆಗಿನ ಊರುಗಳಲ್ಲಿ ಈಗ ಕಾಣುವ ಜ್ವರಗಳನ್ನು ರಕ್ತಪರೀಕ್ಷೆ, ಕಸುಬು, ಪ್ರಯಾಣಗಳೊಡನೆ ಕೂಡಿಸಿ ದಾಖಲಿಸುವ ಕೆಲಸ ಅಂತಹ ಓದಿನ ಮುಂದಿನ ಹೆಜ್ಜೆಯಾಗಬೇಕು.